ಸಾಹೇಬ್ರ ಆಡು ಸಿಕ್ತೇನ್ರಿ?

ನಮ್ಮ ಕೌನ್ಸೆಲರ್ ಸಾಹೇಬ್ರು ಇದ್ದಾಗ ದಿನಾ ಒಂದಿಲ್ಲೊಂದು ಗೊಂದಲ ಇರ್ತಿತ್ತು. ತೀರಿಹೋದ ಮ್ಯಾಲಾದ್ರೂ ನಿಂದ್ರತದ ಅಂದ್ಕೊಂಡಿದ್ದೆ, ಎಲ್ಲಿದು! ಅವರ ದಿವಸದ ಊಟದ ದಿನ ನನ್ನ ತಲಿ ಪೂರಾ ಗಿರಗಿರ ತಿರುಗಿತು.

ನಾನು ಸೇಡಂನ ಒಂದು ದವಾಖಾನಿಯಾಗ ಗುಳಿಗಿ ಕೊಡೋ ಕಿಟಕಿಯಾಗ ಕುಂದ್ರಾವ. ಬಾಜೂಕ ಅವರ ಖೋಲಿ. ಮನಸ್ಸಿಗಿ ತ್ರಾಸಾದವ್ರ ಕೂಡ ಕುಂತು ಮಾತಾಡೋದು ಅವರ ಕೆಲಸ. ಆದ್ರ ಮನುಷ್ಯಾ ಖೋಲಿಯಾಗ ಕುಂತ್ರಲ್ಲ? ಫ್ಯಾನಿನ ಗಾಳಿ ನನಗ ಆಗಿಬರಂಗಿಲ್ಲ ಅಂತಿದ್ರು. ತಲಿ ಮ್ಯಾಲ ಟೋಪಿ, ಬಗಲಾಗ ಚೀಲ. ಇವತ್ತು ಕಾಗಿಣಾ ಹೊಳಿ ದಂಡಿ, ನಾಳಿ ಚಿಂಚೋಳಿ ಅಡವಿ. ಹೊಂಟು ನಿಂತಾಗ ಒಂದು ಚಾಷ್ಟಿ ಮಾಡಿ ಎಲ್ಲಾರ್ನೂ ನಗಿಸಿ ಮಾಯ ಆಗ್ತಿದ್ರು.

ಊಟದ ದಿನ ಅವರ ಮನಿಯವ್ರು, ನಾವೆಲ್ಲ ಅಕ್ಕೋರು ಅಂತೀವಿ, ಅಡಗಿಮನಿ ಬಾಗಲಿಗಿ ನನ್ನ ಕರದ್ರು. ಅಕ್ಕೋರ ತಮ್ಮ ಬಂದಾವ್ರ ಮುಂದೆಲ್ಲ, ನಮ್ಮ ಮಾಮಾ ಪಗಾರ ತಗೊಂಡು ಅಡವಿ ತಿರುಗಿದ, ಕೆಲಸ ಅಂತ ಏನೂ ಮಾಡ್ಲಿಲ್ಲ ಅನ್ನಾಕತ್ತಿದ್ದನಂತ.

"ಊಟಕ್ಕ ಮದ್ಲ ನೀವು ಎದ್ದು ಎರಡು ಮಾತು ಹೇಳ್ರಿ ಅಣ್ಣಾರ. ಅವರು ಏನು ಕೆಲಸ ಮಾಡ್ತಿದ್ರು ಅಂತ ನಮ್ಮ ಮಂದಿಗಿ ಗೊತ್ತಾಗ್ಲಿ" ಅಂದ್ರು. ಕಣ್ಣಾಗ ನೀರಿತ್ತು.

ಹೂಂ ಅಂದೆ. ಅಂದ ಮ್ಯಾಲ ಗಾಬರಿ ಆತು. ಖರೇ ಅಂದ್ರ ಅದು ನನಗೂ ಗೊತ್ತಿರ್ಲಿಲ್ಲ. ಬಂದ ಮಂದೀನ ಕೇಳಿದ್ರಾತು ಅಂತ ಹೊರಗ ಶಾಮಿಯಾನದಾಗ ಹೋಗಿ ಕುಂತೆ.

ಶಹಾಬಾದಿನ ಕಲ್ಲು

ಮದ್ಲ ಸಿಕ್ಕಾವ್ರು ಶಹಾಬಾದಿನ ಒಬ್ಬ ಚಾಚಾ. ನೆಲಕ್ಕ ಹಾಸೋ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನಿ ಅವರ್ದು. ಸಾಹೇಬ್ರು ಹ್ಯಾಂಗ ಪರಿಚಯ ಅಂತ ಕೇಳಿದ್ರ, ನಮ್ಮ ಗಿರಾಕಿ ಅಂದ್ರು.

ಚಾಚಾ ಮಗನ ಕೂಡ ಜಗಳಾಡಿ ಮಾತು ಬಿಟ್ಟಿದ್ದ ಕಾಲದಾಗ ಸಾಹೇಬ್ರು ಬಂದು, ಹೊಸ ಮನಿಗಿ ಫರಸಿ ಬೇಕು, ನನಗ ಕಲ್ಲಿನ ಗಂಧಗಾಳಿ ಇಲ್ಲ, ಇಬ್ಬರೂ ಬಂದು ತೋರಸ್ರಿ ಅಂದ್ರಂತ. ಬಿಸಲಾಗ ಖಣಿ ತುಂಬ ತಿರುಗ್ಯಾರ. ಈ ವಾರ ಅಪ್ಪ ತೋರಿಸಿದ್ದು ಸೇರಂಗಿಲ್ಲ, ಮುಂದಿನ ವಾರ ಮಗ ತೋರಿಸಿದ್ದು ಸೇರಂಗಿಲ್ಲ. ಕಡಿಗಿ ಅಪ್ಪ ಮಗ ಒಂದಾಗಿ, ಈ ಮನುಷ್ಯಾಗ ಜನ್ಮದಾಗ ಕಲ್ಲು ತಿಳಿಯಂಗಿಲ್ಲ ಅಂತ ಕೂಡೇ ಬೈದ್ರಂತ.

"ಆರಿಸಿದ್ದು ಇನ್ನಾ ತೆಗೆದಿಟ್ಟೀನ್ರಿ. ಮನಿ ಎಲ್ಲಿ ಕಟ್ಸಾಕತ್ತಿದ್ರು, ತೋರಸ್ರಿ. ನಾನೇ ಹಾಸಿ ಕೊಡ್ತೀನಿ" ಅಂದ್ರು ಚಾಚಾ.

ಸಾಹೇಬ್ರು ಕಡೀತನಕ ಬಾಡಿಗಿ ಮನಿಯಾಗ ಇದ್ದಾವ್ರು. ಹೊಸ ಮನಿ ನಾ ಎಲ್ಲಿಂದ ತರ್ಲಿ? ಹಿಂದ ಕುಂತಿದ್ದ ಅಕ್ಕೋರ ತಮ್ಮ, ನೋಡ್ರಿ, ಡ್ಯೂಟಿ ಬಿಟ್ಟು ಕಲ್ಲು ನೋಡ್ತಿದ್ದ ಅಂದ.

ವಾಡಿಯ ಗಾಡಿ

ಈ ಕಡಿ ಕುಂತಾವ್ರು ವಾಡಿಯವ್ರು, ರೈಲ್ವೆದಾಗ ನೌಕರಿ ಮಾಡಿ ರಿಟೈರ್ ಆದಾವ್ರು. ರಿಟೈರ್ ಆದ ಮ್ಯಾಲ ದಾಡಿ ಬಿಟ್ಟು, ಹೊದ್ಕಿ ಹೊದ್ದು ಮಲಗಿಬಿಟ್ಟಿದ್ರಂತ. ಆವಾಗ ಸಾಹೇಬ್ರ ಫೋನ್. ವಾಡಿ ಸ್ಟೇಷನ್ನಾಗ ನಿಂತೀನಿ, ಚಿತ್ತಾಪುರದ ಗಾಡಿ ಎಲ್ಲಿ ಬರ್ತದ ತಿಳಿವಲ್ದು, ಜರಾ ಬಂದು ಹತ್ತಿಸಿ ಹೋಗ್ರಿ ಅಂತ. ವಾರ ವಾರ ಇದೇ ಕಥಿ. ಇವರು ದಾಡಿ ಮಾಡ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಓಡ್ಬೇಕು.

ಒಮ್ಮಿ ಇವರೇ ಕೈಹಿಡಿದು ಚಿತ್ತಾಪುರದ ಗಾಡಿ ಹತ್ತಿಸ್ಯಾರ, ಆ ಮನುಷ್ಯಾ ಶಹಾಬಾದದಾಗ ನಿಂತು ಫೋನ್ ಮಾಡ್ಯಾರ. ಚಿತ್ತಾಪುರ ಆ ದಿಕ್ಕಿಗದ, ಶಹಾಬಾದ ಈ ದಿಕ್ಕಿಗದ. "ಗಾಡಿ ಹಿಂದಕ್ಕ ಹೋತೇನು ಅಂತ ನನಗ ಇನ್ನಾ ತಿಳಿದಿಲ್ರಿ. ಪಾಪ, ನಾನಿಲ್ಲಂದ್ರ ಅವರು ಮನಿ ಮುಟ್ತಿರ್ಲಿಲ್ಲ" ಅಂತ ಕಣ್ಣು ಒರೆಸ್ಕೊಂಡ್ರು.

ಅಕ್ಕೋರ ತಮ್ಮ ಜೋರಾಗೇ ನಕ್ಕ. ನನಗ ಎದ್ದು ಓಡಿ ಹೋಗ್ಬೇಕು ಅನ್ನಿಸ್ತು.

ಕರೇ ಕಿವಿ, ಬಿಳೇ ಕಿವಿ

ಅಷ್ಟರಾಗ ತೆಂಗಳಿ ಕಡಿಯ ಗಂಡ ಹೆಂಡ್ತಿ ಒಂದೇ ಮೋಟರ್‌ಸೈಕಲ್ ಮ್ಯಾಲ ಬಂದಿಳದ್ರು. ಹೆಂಡ್ತಿ ಉಡ್ಯಾಗ ಒಂದು ಆಡಿನ ಮರಿ. ಹೋಳಿಗಿ ಮಾಡಾಕತ್ತಿದ್ದ ಅಡಗಿಯವ್ರು, ಇವತ್ತು ಇದನ್ಯಾಕ ತಂದ್ರು ಅಂತ ಗಾಬರಿ ಆದ್ರು. ನಾನು ಗುರ್ತು ಹಿಡಿದೆ. ಹಿಂದ ನಮ್ಮ ದವಾಖಾನಿಗಿ ಬಂದಾಗ, ಒಬ್ಬರ್ನೊಬ್ಬರು ಬಿಟ್ಟಬಿಡೋದೇ ಅಂತ ಇಬ್ಬರೂ ಮುಖ ತಿರುವಿ ಬ್ಯಾರೆ ಬ್ಯಾರೆ ಬೆಂಚಿನ ಮ್ಯಾಲ ಕುಂತಿದ್ರು.

"ಸಾಹೇಬ್ರ ಆಡು ಸಿಕ್ತೇನ್ರಿ?" ಅಂತ ಕೇಳ್ದ ಗಂಡ.

ಯಾವ ಆಡು ಅಂದೆ. ಸಾಹೇಬ್ರು ಇವರಿಬ್ಬರ್ನೂ ಚಿಂಚೋಳಿ ಅಡವಿಗಿ ಕರ್ಕೊಂಡು ಹೋಗಿ, ನನ್ನ ಆಡು ಕಳದದ, ಮಾತು ಆಮ್ಯಾಲ, ಮದ್ಲ ಹುಡುಕ್ರಿ ಅಂದ್ರಂತ. ಸಂಜೀತನಕ ಹುಡುಕ್ಯಾರ. ಹೆಂಡ್ತಿ ಕಾಲಾಗ ಮುಳ್ಳು ಮುರದದ, ಗಂಡ ತೆಗದಾನ. ಆಡು ಸಿಗ್ಲಿಲ್ಲ ಅಂತ ಇಬ್ಬರೂ ಕೂಡಿ ಮರಗ್ಯಾರ.

"ಒಂದು ಕಿವಿ ಕರೇದು, ಒಂದು ಬಿಳೇದು ಅಂದಿದ್ರು. ಅಂಥದ್ದೇ ಹುಡುಕಿ ತಂದೀವ್ರಿ" ಅಂದಳು ಆಕಿ.

ಅಕ್ಕೋರು ಕಣ್ಣು ಕಣ್ಣು ಬಿಟ್ಟು ನಿಂತಿದ್ರು. ನಾವು ಒಂದು ಕೋಳೀನೂ ಸಾಕಿಲ್ರಲ್ಲ ಅಂದ್ರು.

ಸಾಹೇಬ್ರ ಮೊಣಕಾಲು

ಆವಾಗ ನನ್ನ ತಲಿಯಾಗ ದೀಪ ಹತ್ತಿತು. ಚಾಚಾನ ಮಗ, ವಾಡಿಯವ್ರ ಮಗಳು, ಇಬ್ಬರೂ ಸಾಹೇಬ್ರ ಖೋಲಿಗಿ ಬಂದು ಅತ್ತು ಹೋಗಿದ್ದು ನನ್ನ ಕಿಟಕಿಯಿಂದ ನಾನೇ ನೋಡಿದ್ದೆ. ಕಟ್ಟೋ ಮನಿ ಇಲ್ಲ, ಕಳದ ಆಡು ಇಲ್ಲ.

ಎದ್ದು ನಿಂತೆ. ನಮ್ಮ ಸಾಹೇಬ್ರು ಕೆಲಸ ಮಾಡ್ಯಾರ್ರಿ, ಯಾರಿಗೂ ಗೊತ್ತಾಗದಂಗ ಮಾಡ್ಯಾರ ಅಂದೆ. ಇಲ್ಲಿದ್ದಾವ್ರೆಲ್ಲ ಅವರಿಗಿ ಸಹಾಯ ಮಾಡಿದ್ವಿ ಅಂತ ತಿಳ್ಕೊಂಡೀರಿ, ಖರೇ ಅಂದ್ರ ಅವರು ನಿಮ್ಮನ್ನ ಎಬ್ಬಿಸಿ ಬಿಸಲಿಗಿ ತಂದು ನಿಂದ್ರಿಸ್ಯಾರ ಅಂದೆ. ಚಾಚಾ ನಕ್ಕೋತ ನಕ್ಕೋತ ಅಳಾಕ ಹತ್ತಿದ್ರು. ವಾಡಿಯವ್ರು, ಹಂಗಾದ್ರ ಅವರಿಗಿ ಬೋರ್ಡ್ ಓದಾಕ ಬರ್ತಿತ್ತಾ ಅಂದ್ರು. ಅಕ್ಕೋರ ತಮ್ಮ ತಲಿ ತಗ್ಗಿಸಿದ.

ಅಲ್ಲಿಗಿ ಕುಂತಿದ್ರ ಛಲೋ ಇತ್ತು. ಹುರುಪಿನಾಗ ಇನ್ನೊಂದು ಮಾತು ಸೇರಿಸಿದೆ.

"ನನ್ನ ಕೂಡ ಮಾತ್ರ ಇಂಥಾ ನಾಟಕ ಇರ್ಲಿಲ್ರಿ. ನಾವು ಗೆಳೆಯರು. ನಮ್ಮಾಕಿ ತೀರಿಕೊಂಡ ವರ್ಷದಿಂದ ಐತ್ವಾರಕ್ಕೊಮ್ಮಿ ಚಿಂಚೋಳಿ ಗುಡ್ಡಕ್ಕ ಅವರನ್ನ ನಾನೇ ಹತ್ತಿಸ್ತಿದ್ದೆ. ಭಾಳ ಮೊಣಕಾಲ ನೋವಿತ್ತು. ಪಾಪ, ನಾನಿಲ್ಲಂದ್ರ ಅವರಿಗಿ..."

ಎಲ್ಲಾರೂ ನನ್ನೇ ನೋಡಾಕತ್ತಿದ್ರು.

"ಅಣ್ಣಾರ," ಅಂದ್ರು ಅಕ್ಕೋರು, ಸಣ್ಣ ದನಿಲೆ. "ಅವರಿಗಿ ಮೊಣಕಾಲ ನೋವು ಯಾವಾಗಿತ್ರಿ? ಶನಿವಾರ ಅದೇ ಗುಡ್ಡ ಓಡ್ಕೋತ ಹತ್ತಿ ಬರ್ತಿದ್ರಲ್ಲ."

ಚಾಚಾ ಜರಾ ಸರಿದು, ವಾಡಿಯವ್ರಿಗೂ ತಮಗೂ ನಡುವ ಜಾಗ ಮಾಡಿ, ಬರ್ರಿ, ಕುಂದ್ರಿ ಅಂದ್ರು. ಹೋಗಿ ಕುಂತೆ. ಆ ಹೆಣ್ಮಗಳು ಆಡಿನ ಮರಿ ತಂದು ನನ್ನ ತೊಡಿ ಮ್ಯಾಲ ಇಟ್ಟಳು.

ಅದೀಗ ನಮ್ಮ ಮನಿಯಾಗ ಅದ. ಐತ್ವಾರಕ್ಕೊಮ್ಮಿ ಗುಡ್ಡಕ್ಕ ಕರ್ಕೊಂಡು ಹೋಗ್ಬೇಕಾಗ್ತದ. ಪಾಪ, ನಾನಿಲ್ಲಂದ್ರ ಅದಕ್ಕ ಹೋಗಾಕ ಬರಂಗಿಲ್ಲ ನೋಡ್ರಿ.