ಪುಕ್ಕಟೆ ಫೋನಿನ ಚೌಕಾಶಿ

ಚಂದ್ರಮೋಹನನ ಫೋನಿನಲ್ಲಿ ಗುಟ್ಟಿನ ಮಾತು ಆಡುವುದು ಸಾಧ್ಯವೇ ಇರಲಿಲ್ಲ. ಕೆನಡಾದ ಎಟೋಬಿಕೋಕಿನ ಮನೆಯೆದುರು ಹಿಮ ಎತ್ತುವಾಗ ಅದು ಜೇಬಿನಿಂದ ಜಾರಿ ಬಿದ್ದು, ಹಿಮದ ಗುಡ್ಡೆಯೊಳಗೆ ಒಂದು ಇಡೀ ದಿನ ಸಮಾಧಿ ಸ್ಥಿತಿಯಲ್ಲಿದ್ದು, ಮರುದಿನ ಪುನರ್ಜನ್ಮ ಪಡೆದಿತ್ತು. ಆವತ್ತಿನಿಂದ ಕಿವಿಗೆ ಹಚ್ಚಿಕೊಂಡರೆ ಏನೂ ಕೇಳಿಸದು. ಸ್ಪೀಕರ್ ಹಾಕಿದರೆ ಮಾತ್ರ ಕೇಳಿಸುತ್ತಿತ್ತು, ಅದೂ ಗಣಪತಿ ಪೆಂಡಾಲಿನ ಧ್ವನಿವರ್ಧಕದಷ್ಟು ಜೋರಾಗಿ.

ಹತ್ತಿರದ ವಾನ್ ಎಂಬ ಊರಿನ ಬಾಗಿಲು ಕಾರ್ಖಾನೆಯೊಂದರಲ್ಲಿ ತಯಾರಾದ ಬಾಗಿಲುಗಳ ಗುಣಮಟ್ಟ ನೋಡುವುದು ಅವನ ಕೆಲಸ. ಅಲ್ಲಿನ ಊಟದ ಕೋಣೆಯಲ್ಲಿ ಹೆಂಡತಿ ಮಾಧುರಿಯ ಫೋನು ಬಂತೆಂದರೆ, ಕನ್ನಡದ ಒಂದಕ್ಷರವೂ ಗೊತ್ತಿಲ್ಲದ ಇಪ್ಪತ್ತು ಜನ ಊಟ ನಿಲ್ಲಿಸಿ ಕೇಳುತ್ತಿದ್ದರು.

"ಮತ್ತ ಡಬ್ಬಿ ಮನ್ಯಾಗ ಬಿಟ್ಟು ಹೋಗೀರಲ್ರಿ! ತಲಿ ಒಂದು ಕುತ್ತಿಗಿಗೆ ಅಂಟಿಕೊಂಡೈತಿ, ಇಲ್ಲಾಂದ್ರ ಅದನ್ನೂ ಬಿಟ್ಟು ಹೋಗ್ತಿದ್ರಿ!"

ಅರ್ಥ ಆಗದಿದ್ದರೂ ರಾಗ ಎಲ್ಲರಿಗೂ ತಿಳಿಯುತ್ತಿತ್ತು. "ಭಾಭೀಜಿ ಆಜ್ ಗುಸ್ಸೇ ಮೇ ಹೈಂ?" ಎಂದು ಪಕ್ಕದ ಪಂಜಾಬಿ ಸಹೋದ್ಯೋಗಿ ಮರುಕದಿಂದ ತನ್ನ ಪರಾಠಾದಲ್ಲಿ ಅರ್ಧ ಮುರಿದು ಕೊಡುತ್ತಿದ್ದ. (ಆ ಪರಾಠಾದ ಆಸೆಗೆ ಚಂದ್ರಮೋಹನ ಒಂದೆರಡು ಸಲ ಡಬ್ಬಿಯನ್ನು ಬೇಕೆಂದೇ ಮರೆತದ್ದುಂಟು. ಇದು ಮಾಧುರಿಗೆ ಗೊತ್ತಿಲ್ಲ.)

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ 2017ರ ಮಾರ್ಚಿನಲ್ಲಿ ಸಂಗತಿ ಗಂಭೀರವಾಯಿತು. ಅಡುಗೆಮನೆಯ ಕಪಾಟು ತಯಾರಿಸುವ ಕಂಪನಿಯೊಂದರ ಖರೀದಿ ವಿಭಾಗಕ್ಕೆ ಅವನು ಕಾರ್ಖಾನೆಯಲ್ಲಿ ಯಾರಿಗೂ ಹೇಳದೆ ಅರ್ಜಿ ಹಾಕಿದ್ದ. ಹುಬ್ಬಳ್ಳಿಯಲ್ಲಿ ಏಳು ವರ್ಷ ಅದೇ ಕೆಲಸ ಮಾಡಿದವನು ಇಲ್ಲಿ ಎಂಟು ವರ್ಷದಿಂದ ಬಾಗಿಲು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು ಮಾಡಿಕೊಂಡಿದ್ದ. ಹದಿನಾಲ್ಕು ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ. ಇದೊಂದಕ್ಕೆ ಬಂತು: ಮುಂದಿನ ವಾರ ಮಧ್ಯಾಹ್ನ ಫೋನಿನಲ್ಲೇ ಸಂದರ್ಶನ ಮಾಡುತ್ತೇವೆ.

ಮಧ್ಯಾಹ್ನ ಎಂದರೆ ಊಟದ ಕೋಣೆ. ಎದುರಿಗೆ ಸೂಪರ್‌ವೈಸರು. ಕಾರಿಗೆ ಹೋಗಿ ಮಾತಾಡೋಣವೆಂದರೆ ಚಳಿಗೆ ಒಯ್ದ ಎರಡನೇ ನಿಮಿಷಕ್ಕೆ ಆ ಫೋನು ಕಣ್ಣು ಮುಚ್ಚುತ್ತಿತ್ತು. ಹೊಸ ಫೋನು ಬೇಕೇ ಬೇಕಾಯಿತು.

ಶುಕ್ರವಾರ ಸಂಜೆ ಟಪಾಲಿನಲ್ಲಿ ಬಂದಿದ್ದ ಜಾಹೀರಾತನ್ನು ಮಾಧುರಿ ಅವನ ಮುಂದೆ ಹಿಡಿದಳು. "ನೋಡ್ರಿ, ನಮ್ಮ ಫೋನ್ ಕಂಪನಿಯವ್ರು ಹೊಸಾ ಫೋನು ಪುಕ್ಕಟೆ ಕೊಡಾಕತ್ತಾರ. ಸೊನ್ನಿ ಡಾಲರ್."

ಚಂದ್ರಮೋಹನ ಗೀತೋಪದೇಶದ ಭಂಗಿಯಲ್ಲಿ ಬೆರಳೆತ್ತಿದ. "ಪುಕ್ಕಟೆ ಅಂದ ಕೂಡಲೇ ಬಾಯಿ ತೆಗೀಬಾರದು. ಕೆಳಗ ಇರುವಿ ಸಾಲಿನಂಥ ಅಕ್ಷರ ಅದಾವಲ್ಲ, ಅವನ್ನ ಓದು. ಎರಡು ವರ್ಷದ ಕಾಂಟ್ರ್ಯಾಕ್ಟು. ತಿಂಗಳಿಗೆ ಎಪ್ಪತ್ತೈದು ಡಾಲರ್. ಈಗ ನಾ ಎಷ್ಟು ಕೊಡ್ತೀನಿ?"

"ಮೂವತ್ತೆರಡು. ಕಂಡವರಿಗೆಲ್ಲಾ ಹೇಳ್ತೀರಲ್ರಿ, ನನಗ ಬಾಯಿಪಾಠ ಆಗೇತಿ."

ಅದು ನಿಜ. ಆ ಮೂವತ್ತೆರಡು ಡಾಲರಿನ ಪ್ಲಾನು ಅವನು ಕೆನಡಾಕ್ಕೆ ಕಾಲಿಟ್ಟ ವಾರ ಸಿಕ್ಕಿದ್ದು. ಕಂಪನಿಯವರು ಅದನ್ನು ಮಾರುವುದು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಇದ್ದವರಿಗೆ ಮಾತ್ರ ಇತ್ತು. ಕನ್ನಡ ಸಂಘದ ಊಟದಲ್ಲಿ ಬೇರೆಯವರು ಮನೆ, ಕಾರಿನ ಬಗ್ಗೆ ಹೇಳಿಕೊಂಡರೆ ಇವನು ಪ್ಲಾನಿನ ಬಗ್ಗೆ ಹೇಳಿಕೊಳ್ಳುತ್ತಿದ್ದ.

ಲ್ಯಾಪ್‌ಟಾಪು ಹೊರಬಂತು. ಎಪ್ಪತ್ತೈದರಲ್ಲಿ ಮೂವತ್ತೆರಡು ಕಳೆದು ಇಪ್ಪತ್ನಾಲ್ಕರಿಂದ ಗುಣಿಸಲಾಯಿತು. "ಸಾವಿರದ ಮೂವತ್ತೆರಡು ಡಾಲರ್! ಅದೇ ಫೋನು ಅಂಗಡ್ಯಾಗ ಐನೂರಾ ಇಪ್ಪತ್ತಕ್ಕ ಸಿಗತೈತಿ. ಅಂದ್ರ ಪುಕ್ಕಟೆ ಫೋನಿಗೆ ಒಂದಲ್ಲ, ಎರಡು ಫೋನಿನ ರೊಕ್ಕ!"

"ಹಂಗಾದ್ರ ಐನೂರಾ ಇಪ್ಪತ್ತು ಕೊಟ್ಟು ತಗೊಂಡುಬಿಡ್ರಿ. ಮುಗೀತು."

ಇಷ್ಟು ಚೆಂದದ ಉತ್ತರ ಹನ್ನೊಂದು ವರ್ಷದ ಮಗಳು ಸಾನ್ವಿಗೂ ಒಪ್ಪಿಗೆಯಾಯಿತು. "ಅಮ್ಮ ಈಸ್ ರೈಟ್" ಎಂದಳು. ಚಂದ್ರಮೋಹನನೂ ಒಪ್ಪಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಅಷ್ಟರಲ್ಲಿ ರೆಕ್ಸ್‌ಡೇಲಿನಿಂದ ಗೆಳೆಯ ದ್ಯಾಮಣ್ಣನ ಫೋನು ಬಂತು. ದ್ಯಾಮಣ್ಣ ಲಾರಿ ಓಡಿಸುತ್ತಿದ್ದ, ಬೆಳಗಾವಿ ಕಡೆಯವನು. ಬಾಡಿಗೆಯಿಂದ ಹಿಡಿದು ಬೆನ್ನುನೋವಿನವರೆಗೆ ಅವನ ಬಳಿ ಪರಿಹಾರವಿಲ್ಲದ ಸಮಸ್ಯೆ ಇರಲಿಲ್ಲ. ಚಂದ್ರಮೋಹನ ಅವನಿಗೆ ಲೆಕ್ಕವನ್ನೆಲ್ಲ ಒಪ್ಪಿಸಿದ.

"ಐನೂರು ಯಾಕ ಕೊಡ್ತೀಯೋ ಹುಚ್ಚ?" ದ್ಯಾಮಣ್ಣನ ದನಿ ಸ್ಪೀಕರಿನಲ್ಲಿ ಮೂರೂ ಕೋಣೆ ತುಂಬಿತು. "ನಾಳೆ ಫೋನ್ ಹಚ್ಚು. ಕ್ಯಾನ್ಸಲ್ ಮಾಡ್ತೀನಿ ಅಂತ ಅಂಜಿಸು. ಹಳೇ ಗಿರಾಕಿ ಬಿಟ್ಟುಹೊಂಟಾನ ಅಂದ್ರ ಅವ್ರ ಕೈಕಾಲು ನಡುಗ್ತಾವ. ಅದೇ ಪ್ಲಾನಿನ ಮ್ಯಾಲೆ ಫೋನು ಪುಕ್ಕಟೆ ಕೊಟ್ಟು, ಹೋಗಬ್ಯಾಡ್ರಿ ಸಾಹೇಬ್ರ ಅಂತಾರ."

"ನಿನಗ ಕೊಟ್ಟಾರೇನು?"

"ನಾ ಇನ್ನೂ ಮಾಡಿಲ್ಲ. ನೀ ಮಾಡಿ ಹೇಳು."

ಈ ಕೊನೆಯ ಮಾತನ್ನು ಮಾಧುರಿ ಗಮನಿಸಿದಳು. ಚಂದ್ರಮೋಹನ ಗಮನಿಸಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸೋಫಾದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಫೋನಿನಲ್ಲಿ ಅಂಗಿ ಕಾಣುವುದಿಲ್ಲ ಎಂದು ಮಾಧುರಿ ಹೇಳಿದ್ದಕ್ಕೆ, "ದನ್ಯಾಗ ಕಾಣ್ತೈತಿ" ಎಂದ. ಅತ್ತ ಕಡೆ ಒಬ್ಬ ಹುಡುಗಿ ಫೋನೆತ್ತಿದಳು. ಚಂದ್ರಮೋಹನ ಕನ್ನಡಿಯ ಮುಂದೆ ಎರಡು ಸಲ ಒಪ್ಪಿಸಿದ್ದ ಇಂಗ್ಲಿಷ್ ಭಾಷಣವನ್ನು ಶುರುಮಾಡಿದ. ತಾನು ಎಂಟು ವರ್ಷದ ನಿಷ್ಠಾವಂತ ಗಿರಾಕಿ, ಒಂದು ಬಿಲ್ಲನ್ನೂ ತಡಮಾಡಿದವನಲ್ಲ. ಇಂಥವನಿಗೆ ಈ ಕ್ಷಣವೇ ಒಂದು ಫೋನು ಕೊಡದಿದ್ದರೆ ಈ ಕ್ಷಣವೇ ಸಂಬಂಧ ಕಡಿದುಕೊಳ್ಳುವವನು.

"ಕ್ಯಾನ್ಸಲ್ ಮಾಡಲೇ ಸರ್?" ಎಂದು ಅವಳು ಇಂಗ್ಲಿಷಿನಲ್ಲಿ ತುಂಬ ಮರ್ಯಾದೆಯಿಂದ ಕೇಳಿದಳು.

ಚಂದ್ರಮೋಹನ ಮಾಧುರಿಗೆ ಕಣ್ಣು ಹೊಡೆದ. "ಯೆಸ್. ರೈಟ್ ನೌ!"

"ಈವತ್ತಿನಿಂದಲೇ? ಖಂಡಿತವಾ?"

"ಖಂಡಿತ! ಒಂದು ನಿಮಿಷಾನೂ ತಡ ಬೇಡ!"

"ಸರಿ ಸರ್. ಎಂಟು ವರ್ಷ ನಮ್ಮ ಜೊತೆಗಿದ್ದದ್ದಕ್ಕೆ..."

ಅಲ್ಲಿಗೆ ಮಾತು ನಿಂತಿತು. ಫೋನು ಮೌನವಾಯಿತು.

"ನೋಡಿದ್ಯಾ?" ಚಂದ್ರಮೋಹನ ಪಿಸುಗುಟ್ಟಿದ. "ಹೋಲ್ಡ್ ಹಾಕ್ಯಾಳ. ಮ್ಯಾನೇಜರ್ನ ಕರೀಲಿಕ್ಕೆ ಓಡ್ಯಾಳ."

ಐದು ನಿಮಿಷವಾಯಿತು. "ಮ್ಯಾನೇಜರ್ ಅವನ ಮ್ಯಾನೇಜರ್ನ ಕೇಳಾಕತ್ತಾನ" ಎಂದು ವಿವರಿಸಿದ. ಒಂಬತ್ತು ನಿಮಿಷಕ್ಕೆ ಮಾಧುರಿ ಚಹಾ ತಂದಿಟ್ಟಳು. ಹನ್ನೊಂದನೇ ನಿಮಿಷಕ್ಕೆ ಸಾನ್ವಿ ಬಗ್ಗಿ ಪರದೆ ನೋಡಿದಳು.

"ಅಪ್ಪಾ, ಇಟ್ ಸೇಸ್ ನೋ ಸರ್ವಿಸ್."

ಬಾಯಿಗೆ ಹೋಗುತ್ತಿದ್ದ ಚಹಾದ ಲೋಟ ನಡುದಾರಿಯಲ್ಲಿ ನಿಂತಿತು. ಎಂಟು ವರ್ಷದ ಪ್ಲಾನು ಹೋಗಿತ್ತು. ಅದರ ಸಂಗಡ ನಂಬರೂ ಹೋಗಿತ್ತು. ಅರ್ಜಿಯಲ್ಲಿ ಬರೆದುಕೊಟ್ಟದ್ದು ಅದೇ ನಂಬರು. ಸಂದರ್ಶನದ ಫೋನು ಬರಬೇಕಾದದ್ದೂ ಅದಕ್ಕೇ. ಮಾಧುರಿಗೆ ಬಾಯಿ ತುಂಬ ಮಾತು ಬಂದಿತ್ತು. ಆದರೆ ಗಂಡನ ಮುಖ ನೋಡಿ, "ಕೋಟು ಹಾಕ್ಕೊಳ್ರಿ, ಲಗೂನ ಅಂಗಡಿಗೆ ಹೋಗ್ರಿ" ಎಂದಷ್ಟೇ ಹೇಳಿದಳು.

ಶಾಪಿಂಗ್ ಮಾಲಿನ ಫೋನ್ ಅಂಗಡಿಯಲ್ಲಿ ಎರಡು ತಾಸು. ನಂಬರು ವಾಪಸು ಬರುತ್ತದೆ ಸರ್, ಅದಕ್ಕೇನೂ ತೊಂದರೆ ಇಲ್ಲ, ಎಂದರು ಅಲ್ಲಿನವರು. ಪ್ಲಾನು ಬರುವುದಿಲ್ಲ, ಅದು ಈಗ ಕಂಪ್ಯೂಟರಿನಲ್ಲೇ ಇಲ್ಲ. ಐನೂರು ಕೊಟ್ಟು ಫೋನನ್ನು ಬೇರೆಯಾಗಿ ಕೊಂಡರೂ ತಿಂಗಳ ಪ್ಲಾನುಗಳೆಲ್ಲ ಅರವತ್ತರ ಮೇಲೇ. ಎಪ್ಪತ್ತೈದಕ್ಕೆ ಸಹಿ ಮಾಡಿದರೆ ಫೋನು ಪುಕ್ಕಟೆ. ಯಾವ ಪುಕ್ಕಟೆ ಫೋನಿನ ವಿರುದ್ಧ ಹಿಂದಿನ ಸಂಜೆ ಭಗವದ್ಗೀತೆ ಹೇಳಿದ್ದನೋ ಅದಕ್ಕೇ ಚಂದ್ರಮೋಹನ ಏಳು ಕಡೆ ಸಹಿ ಹಾಕಿದ. ಇರುವೆ ಸಾಲಿನ ಅಕ್ಷರಗಳನ್ನು ಈ ಸಲ ಓದಲಿಲ್ಲ. ಓದಿ ಮಾಡುವುದೇನಿತ್ತು?

ಮನೆಗೆ ಬಂದಾಗ ಮಾಧುರಿ ಫೋನಿನಲ್ಲಿದ್ದಳು. ಅಕ್ಕನ ಜೊತೆ ಹರಟುವ ಹಾಗೆ ಕಾಲು ಮಡಚಿ ಕೂತು, ತನ್ನ ಹುಬ್ಬಳ್ಳಿ ಇಂಗ್ಲಿಷಿನಲ್ಲಿ, ಕೂಸಿನ ಕೆಮ್ಮಿಗೆ ಅರಿಸಿನದ ಹಾಲು ಹೇಗೆ ಕಾಸಬೇಕೆಂದು ವಿವರಿಸುತ್ತಿದ್ದಳು. "ಯಾರು?" ಎಂದು ಅವನು ಸನ್ನೆಯಲ್ಲಿ ಕೇಳಿದ. ಅವಳು ತಡಿ ಎಂದು ಕೈ ಮಾಡಿದಳು. ಇನ್ನೂ ಹತ್ತು ನಿಮಿಷ ಮಾತಾಡಿ, "ಟೇಕ್ ಕೇರ್ ಆಫ್ ಬೇಬಿ, ಆಂ?" ಎಂದು ಫೋನಿಟ್ಟಳು.

"ಫೋನ್ ಕಂಪನಿಯಾಕಿ. ನನ್ನ ಬಿಲ್ಲಿನ್ಯಾಗ ಮೂರು ಡಾಲರ್ ಜಾಸ್ತಿ ಬಂದಿತ್ತಲ್ಲ, ಕೇಳೋಣು ಅಂತ ಹಚ್ಚಿದೆ. ಪಾಪ, ದನಿ ಭಾಳ ದಣಿದಂಗಿತ್ತು. ಊಟ ಆತೇನವಾ ಅಂದೆ. ಆಗಿಲ್ಲಂತ. ಮನ್ಯಾಗ ಕೂಸಿಗೆ ಕೆಮ್ಮಂತ." ಶಿಶುವಿಹಾರದಲ್ಲಿ ಕೆಲಸ ಮಾಡುವ ಮಾಧುರಿಗೆ ಕೆಮ್ಮುವ ಕೂಸು ಯಾವ ದೇಶದ್ದಾದರೂ ತನ್ನದೇ.

"ಮೂರು ಡಾಲರ್ ಏನಾತು?"

"ತಗದ್ಲು. ಆಮ್ಯಾಲೆ ತಾನಾಗೇ ಫೋನು ಪುಕ್ಕಟೆ ಕೊಡ್ತೀನಿ ತಗೋರಿ ಅಂದ್ಲು. ಬ್ಯಾಡವಾ, ನನ್ನ ಫೋನು ಛಲೋ ಐತಿ ಅಂದೆ. ಹಂಗಾದ್ರ ಬಿಲ್ಲಿನ್ಯಾಗ ನಾಕು ಡಾಲರ್ ಇಳಸ್ತೀನಿ ಅಂದ್ಲು. ಖರೇನ ಬ್ಯಾಡ ಅಂದೆ. ಏಳು ಇಳಸ್ತೀನಿ ಅಂದ್ಲು. ಬ್ಯಾಡ ಬಿಡವಾ ಅಂದೆ. ಫೋನೂ ಕೊಡ್ತೀನಿ, ಏಳೂ ಇಳಸ್ತೀನಿ, ನನ್ನ ಮಾತಿಗೆ ತಗೋರಿ ಅಂದ್ಲು. ಇಷ್ಟ ಹೇಳಾಕತ್ತಾಳ, ಯಾಕ ಮನಸ್ಸು ಮುರೀಬೇಕು ಅಂತ ಹ್ಞೂಂ ಅಂದೆ." ಮಾಧುರಿ ಮುಖ ಚಿಕ್ಕದು ಮಾಡಿದಳು. "ತಪ್ಪಾತೇನ್ರಿ?"

ನಲವತ್ತೈದಿದ್ದ ಬಿಲ್ಲು ಮೂವತ್ತೆಂಟು. ಮೇಲೆ ಫೋನು ಪುಕ್ಕಟೆ. ಚಂದ್ರಮೋಹನ ತನ್ನ ಎಪ್ಪತ್ತೈದರ ಡಬ್ಬವನ್ನು ಮೇಜಿನ ಮೇಲಿಟ್ಟು, ಒಳಗೆ ಹೋಗಿ ಇಸ್ತ್ರಿ ಅಂಗಿ ಬಿಚ್ಚಿದ.

ಮಂಗಳವಾರ ಮಧ್ಯಾಹ್ನ ಕಪಾಟಿನ ಕಂಪನಿಯ ಹೆಂಗಸೊಬ್ಬಳಿಂದ ಸಂದರ್ಶನದ ಫೋನು ಬಂತು. ಹೊಸ ಫೋನು ಚಳಿಗೆ ಹೆದರಲಿಲ್ಲ. ಕಾರಿನಲ್ಲಿ ಕೂತ ಚಂದ್ರಮೋಹನ ಕಾಗದಪತ್ರ, ರೇಟು, ಸರಬರಾಜು ಎಂದೆಲ್ಲ ಅವಳು ಕೇಳಿದ್ದಕ್ಕೆ ಧೈರ್ಯವಾಗಿ ಉತ್ತರ ಕೊಟ್ಟ. ಕೊನೆಗೆ ಆ ಹೆಂಗಸು ಕೇಳಿದಳು: "ಈಚೆಗೆ ನೀವು ಚೌಕಾಶಿ ಮಾಡಿ ಗೆದ್ದ ಒಂದು ಪ್ರಸಂಗ ಹೇಳಿ."

ಈಚಿನ ಚೌಕಾಶಿ ಎಂದರೆ ನೆನಪಿಗೆ ಬಂದದ್ದು ಒಂದೇ. ಅದರಲ್ಲಿ ಗೆಲುವಿನ ಭಾಗ ಅವನದಾಗಿರಲಿಲ್ಲ. ಗಂಡಹೆಂಡಿರಲ್ಲಿ ನಂದು ನಿಂದು ಎಂಬ ಭೇದ ಇರಬಾರದು ಎಂಬ ಉದಾತ್ತ ತತ್ವ ಆ ಕ್ಷಣ ಅವನಿಗೆ ಹೊಳೆಯಿತು.

"ಮೊನ್ನೆ ಮೊಬೈಲ್ ಕಂಪನಿಯ ಜೊತೆ" ಎಂದು ಶುರುಮಾಡಿದ. "ಮೊದಲು ನಾನು ಅವರ ಊಟದ ಬಗ್ಗೆ ವಿಚಾರಿಸಿದೆ..."

ಕೂಸಿನ ಕೆಮ್ಮನ್ನೂ ಅರಿಸಿನದ ಹಾಲನ್ನೂ ಬಿಡದೆ ಹೇಳಿದ. ಮೂರು ಸಲ ಬೇಡ ಎಂದದ್ದನ್ನು ಮೂರು ಹಂತಗಳ ಕಾರ್ಯತಂತ್ರ ಎಂದು ಬಣ್ಣಿಸಿದ. ಆ ಹೆಂಗಸು, ಇಂಥ ತಾಳ್ಮೆಯ ಮನುಷ್ಯನನ್ನೇ ಹುಡುಕುತ್ತಿದ್ದೆವು ಎಂದಳು.

ಏಪ್ರಿಲಿನಲ್ಲಿ ಹೊಸ ಕೆಲಸಕ್ಕೆ ಸೇರಿದ. ಮಾಧುರಿ ಹೋಳಿಗೆ ಮಾಡಿದಳು. ಮೊದಲ ವಾರ ಸುಖವಾಗಿ ಹೋಯಿತು. ಎರಡನೇ ವಾರದ ಸೋಮವಾರ ಅವನ ಹೊಸ ಮೇಲಧಿಕಾರಿ ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟ. ಕಂಪನಿಯ ನಲವತ್ತು ಮೊಬೈಲುಗಳ ಕಾಂಟ್ರ್ಯಾಕ್ಟು ಮುಗಿಯಲು ಬಂದಿದೆ. ಇದನ್ನು ನಿನ್ನನ್ನು ಬಿಟ್ಟು ಇನ್ನಾರಿಗೆ ಕೊಡಲಿ, ಎಂದು ನಕ್ಕು ಬೆನ್ನು ತಟ್ಟಿ ಹೋದ.

ಸಂಜೆ ಆರಕ್ಕೆ ಚಂದ್ರಮೋಹನ ಮನೆಗೆ ಬಂದು, ಹೇಳಿಸಿಕೊಳ್ಳದೆ ಪಾತ್ರೆ ತೊಳೆದ. ಹೇಳಿಸಿಕೊಳ್ಳದೆ ಚಹಾ ಮಾಡಿ ಮಾಧುರಿಯ ಕೈಗೆ ಕೊಟ್ಟ. ಮಾಧುರಿ ಲೋಟದೊಳಗೆ ಇಣುಕಿ ನೋಡಿ ಕೇಳಿದಳು.

"ಏನ್ ಕ್ಯಾನ್ಸಲ್ ಮಾಡಿ ಬಂದ್ರಿ?"

ಅವನು ಎಲ್ಲವನ್ನೂ ಒಪ್ಪಿಕೊಂಡ. ಸಂದರ್ಶನದ ಭಾಗ ಬಂದಾಗ ಮಾಧುರಿ ಎಷ್ಟು ನಕ್ಕಳೆಂದರೆ ಸಾನ್ವಿ ಮಹಡಿಯಿಂದ ಇಳಿದು ಬಂದಳು.

"ನಿಮ್ಮ ಬದಲಿ ನಾ ಮಾತಾಡ್ತೀನಿ ತಗೋರಿ. ಆದ್ರ ಚಪಾತಿ ನೀವ ಮಾಡಬೇಕು. ಎರಡು ವರ್ಷ."

"ಎರಡು ವರ್ಷ? ಒಂದು ತಿಂಗಳು ಮಾಡ್ತೀನಿ."

"ಹಂಗಾದ್ರ ಬಿಡ್ರಿ, ನನಗೇನು ಬೇಕಾಗಿಲ್ಲ" ಎಂದು ಮಾಧುರಿ ಟಿವಿಯ ಕಡೆ ತಿರುಗಿದಳು.

ಮೂರು ಹಂತಗಳ ಕಾರ್ಯತಂತ್ರದಲ್ಲಿ ಇದು ಮೊದಲನೆಯದು ಎಂದು ಚಂದ್ರಮೋಹನನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎರಡನೇ ಹಂತ ಬರುವ ಮೊದಲೇ ಸೋತ.

ಹಿಟ್ಟು ನಾದುತ್ತಾ, ಮೊಬೈಲ್ ಕಂಪನಿಗೆ ಫೋನ್ ಹಚ್ಚಿ, ಮೊಣಕೈಯಿಂದಲೇ ಸ್ಪೀಕರ್ ಒತ್ತಿ, ತನ್ನ ಕಂಪನಿಯ ಹೆಸರು, ಖಾತೆ ನಂಬರು ಎಲ್ಲ ಹೇಳಿದ. ಈ ಸಲ ಅತ್ತ ಕಡೆ ಗಂಡಸಿನ ದನಿ. ಹಿಟ್ಟಿಗೆ ನೀರು ಸಾಕೆಂದು ಮಾಧುರಿ ಅಂದದ್ದು ಅವನ ಕಿವಿಗೂ ಬಿತ್ತು. "ನಿಮ್ಮ ಜೊತೆ ಇನ್ನೊಬ್ಬರಿದ್ದಾರೆಯೇ ಸರ್? ಅವರು ಯಾರು?"

ಚಂದ್ರಮೋಹನ ಮಾಧುರಿಯ ಮುಖ ನೋಡಿದ. ಅವಳು ಆಗಲೇ ಕಾಲು ಮಡಚಿ ಕೂತಿದ್ದಳು.

"ಮೈ ಸೀನಿಯರ್" ಎಂದ.

"ಓ, ಒಳ್ಳೆಯದಾಯಿತು" ಎಂದಿತು ದನಿ. "ಹಾಗಾದರೆ ನಾನು ಅವರ ಜೊತೆಗೇ ಮಾತಾಡುತ್ತೇನೆ. ನೀವು ಇರಬೇಕಾಗಿಲ್ಲ ಸರ್."

ಮಾಧುರಿ ಫೋನು ಎತ್ತಿಕೊಂಡು ಸ್ಪೀಕರ್ ಆರಿಸಿದಳು. "ಹಲೋ, ಊಟ ಆತೇನಪಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಒಳಕೋಣೆಗೆ ನಡೆದಳು. ಚಂದ್ರಮೋಹನ ಲಟ್ಟಣಿಗೆ ಹುಡುಕತೊಡಗಿದ.