ಬಿಸಿ ಇಳಿಸುವ ಅಂಟು

ಪುತ್ತೂರಿನಲ್ಲಿ ರಿಪೇರಿ ಅಂಗಡಿ ಇಟ್ಟ ಮೇಲೆ ನನಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿ ಬಂದದ್ದೇ ಇಲ್ಲ. ಮನೆಯಲ್ಲೇ ಸರಿ ಮಾಡಿ, ಆಮೇಲೆ ನನ್ನ ಹತ್ತಿರ ತರುವ ಪುಣ್ಯಾತ್ಮರು ವಾರಕ್ಕೊಬ್ಬರಾದರೂ ಬರುತ್ತಾರೆ.

ಮೂರು ಕೋಟ್

ಮಂಡೆಕೋಲು ಊರಿನ ಮೈಕ್ ಸೆಟ್‌ನವರೊಬ್ಬರು ಬೆಳಿಗ್ಗೆ ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗ್ ಮಾಡುತ್ತಾರೆ, ಸಂಜೆ ಸಭೆಗಳಿಗೆ ಮೈಕ್ ಇಡುತ್ತಾರೆ. ಒಂದು ದಿನ ಆಂಪ್ಲಿಫಯರ್ ತಂದಿಟ್ಟು, "ಅಣ್ಣ, ಇಪ್ಪತ್ತು ನಿಮಿಷಕ್ಕೆ ಬಿಸಿಯಾಗಿ ನಿಲ್ತದೆ. ಹೀಗೇ ಆದ್ರೆ ನನ್ನನ್ನು ಇನ್ನು ಯಾರೂ ಕರಿಯುದಿಲ್ಲ" ಎಂದರು. ಅವರ ಮುಖ ನೋಡಿ ನಿಜಕ್ಕೂ ಪಾಪ ಅನ್ನಿಸಿತು.

ಬಿಚ್ಚಿದೆ. ಬಿಸಿಯನ್ನು ಹೊರಗೆ ಹಾಕುವ ಅಲ್ಯುಮಿನಿಯಂ ಹೀಟ್‌ಸಿಂಕ್ ಸಾಲದೆಂದು ಅವರೇ ಇನ್ನೊಂದು ತುಂಡನ್ನು ಅದಕ್ಕೆ ಅಂಟಿಸಿದ್ದರು. ಅಂಟು ಯಾವುದು? ಮನೆಯ ರಬ್ಬರ್ ಹಾಲು!

"ರಬ್ಬರ್ ಬಿಸಿಯನ್ನು ಆಚೆ ಬಿಡುದಿಲ್ಲ ಮಾರಾಯ್ರೆ. ನೀವು ಇದಕ್ಕೆ ಸ್ವೆಟರ್ ಹಾಕಿದ್ದೀರಿ."

"ಅದೂ ಮೂರು ಕೋಟ್," ಎಂದರು ಹೆಮ್ಮೆಯಿಂದ.

ಗಿಲಕಿ

ಅವತ್ತೇ ಸಂಜೆ ಕಡಬದಲ್ಲಿ ಒಂದು ಸಭೆ. ಅವಸರದಲ್ಲಿ ರಬ್ಬರ್ ಕೆರೆದು, ಕಂಪ್ಯೂಟರಿಗೆ ಹಚ್ಚುವ ಬಿಳಿ ಪೇಸ್ಟ್ ಬಳಿದು ತುಂಡನ್ನು ಒತ್ತಿ ಕೂರಿಸಿದೆ. ಆ ಪೇಸ್ಟ್ ಬಿಸಿಯನ್ನು ಚೆನ್ನಾಗಿ ದಾಟಿಸುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಗೊತ್ತಿದ್ದೂ ಮಾಡಿದ ತಪ್ಪು ನನ್ನದೇ. ಸಂಜೆ ಫೋನ್ ಬಂತು.

"ಅಣ್ಣ, ಜೀಪಿನಲ್ಲಿ ಬರುವಾಗ ತುಂಡು ಬಿದ್ದಿದೆ. ಪೆಟ್ಟಿಗೆ ಆಡಿಸಿದ್ರೆ ಒಳಗೆ ಗಿಲಿಗಿಲಿ ಅಂತದೆ. ಇದನ್ನು ಸಭೆಗೆ ಇಡುದಾ, ತೊಟ್ಟಿಲಿಗೆ ಕಟ್ಟುದಾ?"

ಭರಣಿ

ಪೆಟ್ಟಿಗೆ ಮತ್ತೆ ನನ್ನ ಹತ್ತಿರ ಬಂತು. ಬಿಸಿಯನ್ನು ದಾಟಿಸಬೇಕು, ಬಿಗಿಯಾಗಿ ಹಿಡಿಯಲೂ ಬೇಕು. ಅಂಥ ಅಂಟು ಎರಡು ಟ್ಯೂಬಿನಲ್ಲಿ ಬರುತ್ತದೆ. ಎರಡನ್ನೂ ಸಮ ಕಲಸಿ, ತೆಳ್ಳಗೆ ಹಚ್ಚಿ, ಒಂದು ದಿನ ಭಾರ ಇಡಬೇಕು. ಅದನ್ನು ತರಿಸಿ ಮನೆಯಲ್ಲೇ ಅಂಟಿಸಿದೆ. ಭಾರಕ್ಕೆ ಸಿಕ್ಕಿದ್ದು ಮಿಡಿ ಉಪ್ಪಿನಕಾಯಿಯ ಭರಣಿ. ಮಧ್ಯಾಹ್ನ ನೆಂಟರು ಬಂದರು. ಉಪ್ಪಿನಕಾಯಿ ಬಡಿಸಲು ಹೊರಟ ಹೆಂಡತಿಗೆ, "ಮುಟ್ಟಬೇಡ, ನಾಳೆಯವರೆಗೆ ಅದಕ್ಕೆ ಕೆಲಸ ಉಂಟು" ಎಂದೆ.

ಅವಳು ನೆಂಟರಿಗೆ ಹೇಳಿದಳು, "ಈ ಮನೆಯಲ್ಲಿ ಕೆಲಸ ಮಾಡುದು ನಾನು ಮತ್ತು ಆ ಭರಣಿ."

ನಿಲ್ಲದ ಮೈಕ್

ಅಂಟು ಕಲ್ಲಿನ ಹಾಗೆ ಕೂತಿತು. ಆಂಪ್ಲಿಫಯರ್ ಇಡೀ ದಿನ ಹಾಡಿದರೂ ಬೆಚ್ಚಗಾದದ್ದಷ್ಟೇ. ನನಗೂ ಒಂದು ಗತ್ತು ಬಂತು.

ಮುಂದಿನ ವಾರ ಮೈಕ್ ಸೆಟ್‌ನವರು ಜೋಲು ಮುಖ ಹಾಕಿಕೊಂಡು ಬಂದರು. ಜೊತೆಗೆ ಹಿಂದಿನ ದಿನ ಸಭೆ ನಡೆಸಿದವರು ಇಬ್ಬರು.

"ಎಂತ, ಮತ್ತೆ ನಿಂತಿತಾ?"

"ನಿಲ್ಲಲಿಲ್ಲ. ಅದೇ ಉಪದ್ರ," ಎಂದರು ಒಬ್ಬರು. "ನಮ್ಮ ಅಧ್ಯಕ್ಷರು ಎರಡು ಗಂಟೆ ಮಾತಾಡಿದರು. ಸಾಂಬಾರು ಮೂರು ಸಲ ಬಿಸಿ ಮಾಡಿದ್ದೇವೆ. ಇವರ ಮೈಕ್ ಇಪ್ಪತ್ತು ನಿಮಿಷಕ್ಕೆ ನಿಲ್ತದೆ ಅಂತಲೇ ನಾವು ಇವರನ್ನು ಕರಿಯುದು!"

"ಅಣ್ಣ, ಆ ತುಂಡು ತೆಗೀರಿ. ಇಲ್ಲದಿದ್ರೆ ನನ್ನ ಕಥೆ ಮುಗೀತು."

ಆ ಅಂಟು ಬಿಡುವ ಜಾತಿಯದಲ್ಲ. ಕೊನೆಗೆ ಯಾರಿಗೂ ಕಾಣದ ಹಾಗೆ ಕಾಲಿನಲ್ಲಿ ಒತ್ತಿ ಮೈಕ್ ನಿಲ್ಲಿಸುವ ಒಂದು ಸ್ವಿಚ್ ಹಾಕಿಕೊಟ್ಟೆ. ಈಗ ಅವರಿಗೆ ಸುಳ್ಯದಿಂದ ಕಡಬದವರೆಗೆ ಬಿಡುವಿಲ್ಲ. ಮೊನ್ನೆ ಅದೇ ಅಧ್ಯಕ್ಷರ ಮನೆಯ ಮದುವೆಗೂ ಅವರದ್ದೇ ಮೈಕ್. ಗೊತ್ತು ಮಾಡಿದ್ದು ಅಧ್ಯಕ್ಷರ ಹೆಂಡತಿ.