ಸೂಜಿ ಕೊಡದ ದವಾಖಾನೆ

ಹೇಳಿ ನೋಡೋಣ. ಅಕ್ಕಲಕೋಟದ ಒಂದು ಸಣ್ಣ ದವಾಖಾನೆ. ಕುರನೂರಿನ ಒಬ್ಬ ಅಜ್ಜಿ ಅಲ್ಲಿಯ ಗೋಡೆಗೆ ಕುಂಕುಮ ಹಚ್ಚಿ, ಎರಡು ಹೂ ಏರಿಸಿ, ಊದಿನಕಡ್ಡಿ ಬೆಳಗುತ್ತಿದ್ದಾಳೆ. ಗೋಡೆಯ ಮೇಲೆ ದೇವರ ಪಟ ಇಲ್ಲ. ಇರುವುದು ತೇವ ಏರಿದ ಒಂದು ಕಪ್ಪು ಕಲೆ, ಅದರ ಸುತ್ತ ಒಂದು ಬಿಳಿ ಗೆರೆ, ಅಷ್ಟೆ. ಏನಾಗಿರಬೇಕು?

ಸೋತಿರಾ? ಸೋಲಲೇಬೇಕು. ಇಂಥವು ತಾವಾಗಿ ಆಗುವುದಿಲ್ಲ, ನನ್ನಂಥ ರಿಟೈರ್ಡ್ ಮನುಷ್ಯ ಒಬ್ಬ ಬೇಕಾಗುತ್ತದೆ. ನಾನು ಎಲ್ಲಿ ಖುರ್ಚಿ ಹಾಕಿಕೊಂಡು ಕೂತರೂ ವಾರಕ್ಕೊಂದು ಹೀಗೆ ಆಗಿಯೇ ತೀರುತ್ತದೆ.

ಸೋಲಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಚಾದರ ಕಾರಖಾನೆಯಲ್ಲಿ ಮಾಲಿನ ತಪಾಸಣೆ ಮಾಡುತ್ತಲೇ ಮುದುಕನಾದವನು ನಾನು. ನನ್ನ ಕಾಲೇಜಿನ ಗೆಳೆಯ ಡಾಕ್ಟರಾದ. ಅಕ್ಕಲಕೋಟದಲ್ಲಿ ನಲವತ್ತು ವರ್ಷ ದವಾಖಾನೆ ನಡೆಸಿದ. ನೆಗಡಿ ಅಂದರೂ ಸೂಜಿ, ನಿದ್ದೆ ಬರಲಿಲ್ಲ ಅಂದರೂ ಸೂಜಿ. ಈಗ ಆ ಖುರ್ಚಿಯಲ್ಲಿ ಅವನ ಸೊಸೆ ಕೂತಿದ್ದಾಳೆ. ಜನ ಅವಳನ್ನು ಡಾಕ್ಟರಬಾಯಿ ಅನ್ನುತ್ತಾರೆ. ಆಕೆ ಬಂದ ಮೊದಲ ದಿನವೇ ಕನ್ನಡದಲ್ಲೂ ಮರಾಠಿಯಲ್ಲೂ ಬೋರ್ಡು ಹಾಕಿಸಿದಳು: ‘ಅವಶ್ಯಕತೆ ಇದ್ದವರಿಗೆ ಮಾತ್ರ ಸೂಜಿ.’ ಒಂದು ತಿಂಗಳು ಕಳೆಯುವುದರೊಳಗೆ ಅರ್ಧ ಜನ ರಸ್ತೆ ದಾಟಿ ಎದುರಿನ ದವಾಖಾನೆಗೆ ಹೋದರು.

ಗೆಳೆಯ ನನ್ನ ಮನೆಗೆ ಓಡಿ ಬಂದ.

“ಲೇ, ನಿನಗೇನು ಬ್ಯಾರೆ ಕೆಲಸ ಇಲ್ಲ. ದವಾಖಾನ್ಯಾಗ ಹೆಸರು ಬರಕೋತ ಕೂಡು. ಅಕಿಗಿ ನಾಕು ಬುದ್ಧಿಮಾತು ಹೇಳು. ದೀಪಾವಳಿ ಪಾಡ್ಯಾದ ತನಕ ನೋಡತೀನಿ. ಬೆಂಚು ತುಂಬಲಿಲ್ಲ ಅಂದ್ರ ಮರುದಿನದಿಂದ ಖುರ್ಚಿಗಿ ನಾನೇ ಕೂಡವ. ಅಕಿ ಬಾಜೂಕ ಸ್ಟೂಲ್ ಮ್ಯಾಲ ಕುಂತು ನನ್ನ ಪದ್ಧತಿ ಕಲೀಲಿ.”

ಹೋದೆ. ಎರಡು ದಿನ ನೋಡಿದೆ. ಆಕೆ ಪ್ರತಿ ರೋಗಿಗೂ ಮುಂಚೆ ಕೈ ತೊಳೆಯುತ್ತಿದ್ದಳು. ಸೂಜಿ ಕೊಡುವ ಪ್ರಸಂಗ ಬಂದರೆ ಪಾಕೀಟನ್ನು ರೋಗಿಯ ಕಣ್ಣೆದುರೇ ಒಡೆಯುತ್ತಿದ್ದಳು. ಒಂದು ಎಳೆ ತಪ್ಪಿದ್ದಕ್ಕೆ ಗಂಟುಗಟ್ಟಲೆ ಚಾದರ ಹಿಂದಕ್ಕೆ ಕಳಿಸಿದವನು ನಾನು. ಮನುಷ್ಯನ ಮೈ ಏನು ಚಾದರಕ್ಕಿಂತ ಅಗ್ಗವೇ? ಮಾವ ಕಳಿಸಿದ ಗೂಢಚಾರ ಮೂರನೆಯ ದಿನ ಸೊಸೆಯ ಪಕ್ಷ ಸೇರಿದ. ಏನಾದರೂ ಆಗಲಿ ಅಂತಲೇ ಸೇರಿದ.

೧. ಖಡುವಿನ ಸುತ್ತು

“ಕಾಕಾ, ಇಲ್ಲಿ ಏನೇನು ತಪ್ಪು ಅದ, ನಿಮ್ಮ ಕಾರಖಾನಿ ಕಣ್ಣಲೆ ನೋಡಿ ಹೇಳ್ರಿ” ಅಂದಳು ಡಾಕ್ಟರಬಾಯಿ.

ನಮ್ಮ ಕಾರಖಾನೆಯಲ್ಲಿ ಬಾಯಿಂದ ಹೇಳುವ ಪದ್ಧತಿ ಇಲ್ಲ. ಚಾದರವನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದಲ್ಲಿ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಒಂದು ಸುತ್ತು ಬರೆಯುವುದು. ಸುತ್ತು ಬಿದ್ದ ಮಾಲು ಸರಿಯಾಗದೆ ಬಾಗಿಲು ದಾಟುವಂತಿಲ್ಲ. ಅಂಗಡಿಯಿಂದ ಒಂದು ಡಬ್ಬಿ ಖಡು ತಂದೆ. ಜಂಗು ಹಿಡಿದ ಟ್ರೇಗೆ ಒಂದು ಸುತ್ತು, ಸೋರುವ ನಳಕ್ಕೆ ಒಂದು, ಹರಿದ ಗಾದಿಗೆ ಒಂದು, ತೇವದ ಗೋಡೆಗೆ ದೊಡ್ಡದೊಂದು. ಸಂಜೆಯೊಳಗೆ ದವಾಖಾನೆ ತುಂಬ ಬಿಳಿ ಸುತ್ತುಗಳು.

ಮರುದಿನ ಬೆಳಗ್ಗೆ ನಾನು ಬರುವುದರೊಳಗೆ ಅಜ್ಜಿಯ ಪೂಜೆ ಮುಗಿಯುತ್ತ ಬಂದಿತ್ತು.

“ಯಾರೋ ಆಗದವರು ಮಾಟ-ಕರಣಿ ಮಾಡ್ಯಾರ ತಮ್ಮಾ. ಎಲ್ಲಿ ನೋಡಿದಲ್ಲಿ ಮಂಡಲ ಬರದಾರ. ಅದಕ್ಕ ಮಂದಿ ಬರವಲ್ರು. ನಾ ಶಾಂತಿ ಮಾಡಾಕತ್ತೀನಿ.”

“ಅಜ್ಜೀ, ಇದು ಕರಣಿ ಅಲ್ಲ. ಎಲ್ಲೆಲ್ಲಿ ಹೊಲಸು ಅದ, ಅಲ್ಲೆಲ್ಲ ನಾನೇ ಗುರುತು ಹಾಕೀನಿ.”

ಅಜ್ಜಿ ಊದಿನಕಡ್ಡಿ ಹಿಡಿದುಕೊಂಡೇ ನನ್ನನ್ನು ತಲೆಯಿಂದ ಕಾಲತನಕ ನೋಡಿದಳು.

“ಹಂಗಾರ ನಿನ್ನ ಅಂಗಿ ಯಾಕ ಬಿಟ್ಟಿ? ನಿನ್ನಿ ಸಾರು ಹಂಗೇ ಅದ ನೋಡು.”

ನಾನೇನು ಬಗ್ಗುವವನೇ? ಅಲ್ಲೇ ಖಡು ತೆಗೆದು ನನ್ನ ಹೊಟ್ಟೆಯ ಮೇಲೆ ಒಂದು ಸುತ್ತು ಬರೆದುಕೊಂಡೆ. ಅಜ್ಜಿ ಅದಕ್ಕೂ ಕುಂಕುಮ ಹಚ್ಚಿದಳು.

೨. ಯಾರಿಗಾದರೂ ಒಂದು

ಮಂದ್ರೂಪದ ಕಡೆಯ ಕಬ್ಬಿನ ಯಜಮಾನರೊಬ್ಬರು ಹೆಂಡತಿಯ ಜೊತೆ ಅಕ್ಕಲಕೋಟದ ಬೀಗರ ಮನೆಗೆ ಬಂದಿದ್ದರು. ನೆಗಡಿ ಆಗಿತ್ತು. ದವಾಖಾನೆಗೆ ಬಂದು ಅಂಗಿಯ ತೋಳು ಮಡಚಿಕೊಂಡೇ ಒಳಗೆ ಹೋದರು. ಡಾಕ್ಟರಬಾಯಿ ಎದೆ ನೋಡಿದಳು, ಗಂಟಲು ನೋಡಿದಳು.

“ಬರೇ ನೆಗಡಿ ಅದರಿ. ಬಿಸಿನೀರು ಕುಡೀರಿ, ಈ ಗುಳಿಗಿ ತಗೋರಿ. ಸೂಜಿ ಬ್ಯಾಡ.”

“ಬ್ಯಾಡ ಅಂದ್ರ? ಊಟಕ್ಕ ಕರದು, ನೀರು ಕುಡದು ಹೋಗ್ರಿ ಅಂದಂಗ ಆತಲ್ರಿ ಬಾಯಿ!”

ಆಕೆ ನಕ್ಕಳು, ಬಗ್ಗಲಿಲ್ಲ. ಯಜಮಾನರು ಹೊರಗೆ ಬಂದು ನನ್ನ ಟೇಬಲ್ ಮುಂದೆ ನಿಂತರು. “ಅಹೋ ಮಾಸ್ತರ, ನೀವರೆ ಹೇಳ್ರಿ. ಬೀಗರ ಮನ್ಯಾಗ ಎಲ್ಲಾರಿಗೂ ಸೂಜಿ ಹಾಕಿಸಿಕೊಂಡು ಬರತೀನಿ ಅಂತ ಹೇಳಿ ಬಂದೀನಿ. ಈಗ ಖಾಲಿ ತೋಳು ತಗೊಂಡು ಹ್ಯಾಂಗ ಹೋಗಲಿ?”

“ಬೋರ್ಡು ಓದ್ರಿ” ಅಂದೆ.

ಓದಿದರು. ಯೋಚನೆ ಮಾಡಿದರು. ಮುಖ ಅರಳಿತು. “ಹಂಗಾರ ನಮ್ಮ ಮನಿಯಾಕಿಗಿ ಹಾಕ್ರಿ. ಅಕಿಗಿ ಮೊಣಕಾಲು ನೋವು ಅದ. ಯಾರಿಗಾದರೂ ಒಂದು ಬಿದ್ದರ ಸಾಕು.”

ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಎದ್ದರು. “ನೆಗಡಿ ನಿಮಗ, ಸೂಜಿ ನನಗ?”

“ಗಂಡ ಹೆಂಡತಿ ಬ್ಯಾರೆ ಏನ?”

“ಬ್ಯಾರೆ ಅಲ್ಲ. ನಡೀರಿ, ಬೀಗರು ಹೋಳಗಿ ಮಾಡ್ಯಾರ. ನಿಮ್ಮ ಪಾಲಿಂದೂ ನಾನೇ ತಿಂತೀನಿ. ನಿಮ್ಮ ಹೊಟ್ಟಿ ತುಂಬತದ.”

೩. ಫ್ರಿಜ್ಜಿನೊಳಗೆ ಹಬ್ಬ

ದಿನಾಲು ಸಂಜೆಗೆ ಗೆಳೆಯ ಕೋಲು ಊರಿಕೊಂಡು ಬರುತ್ತಿದ್ದ. “ಇವತ್ತ ಎಷ್ಟು ಮಂದಿ?”

“ಒಂಬತ್ತು.”

“ಎದುರಿಗೆ?”

“ನಾನು ನಮ್ಮ ಬೆಂಚು ಅಷ್ಟ ಎಣಸತೀನಿ.”

“ಎಣಸು, ಎಣಸು. ಪಾಡ್ಯಾ ದೂರಿಲ್ಲ” ಅಂತ ನಗುತ್ತ ಹೋಗುತ್ತಿದ್ದ. ನನಗೆ ಹಟ ಹೆಚ್ಚುತ್ತಿತ್ತು. ಒಂಬತ್ತಾಗಲಿ, ಎರಡಾಗಲಿ, ನಿಯಮ ಸಡಿಲ ಬಿಡುವುದಿಲ್ಲ ಅಂತ ಡಾಕ್ಟರಬಾಯಿ ಮತ್ತು ನಾನು ಮಾತಾಡಿಕೊಂಡೆವು.

ಲಸಿಕೆ ಇಡುವ ಫ್ರಿಜ್ಜು ಎಷ್ಟು ತಣ್ಣಗಿದೆ ಅಂತ ಬೆಳಗ್ಗೆ ಸಂಜೆ ಬರೆದಿಡುವುದು ನನ್ನ ಕೆಲಸ. ಒಂದು ದಿನ ಉಷ್ಣತೆಯ ಮುಳ್ಳು ಏರಿತ್ತು. ಬಾಗಿಲು ತೆಗೆದರೆ ಒಂದು ದೊಡ್ಡ ಪಾತೇಲಿ ತುಂಬ ಶ್ರೀಖಂಡ! ದವಾಖಾನೆಯ ಹಿಂದೆಯೇ ಗೆಳೆಯನ ಮನೆ. ಪಾತೇಲಿ ಎತ್ತಿಕೊಂಡು ನೇರ ಅಡಿಗೆಮನೆಗೆ, ಗೆಳೆಯನ ಹೆಂಡತಿಯ ಹತ್ತಿರ ನಡೆದೆ.

“ವೈನೀ, ಆ ಫ್ರಿಜ್ಜಿನಾಗ ಲಸಿಕಿ ಬಿಟ್ಟು ಬ್ಯಾರೆ ಏನೂ ಇಡುವಂಗಿಲ್ಲ.”

“ಭಾವುಜಿ, ಮೂವತ್ತು ವರ್ಷ ಇಟ್ಟೀನಿ. ಯಾರರೆ ಸತ್ತಾರೇನು?”

ನಾನು ಕಾರಖಾನೆಯ ದನಿ ತೆಗೆದೆ. “ಇದನ್ನ ಯಾವಾಗ ತಯಾರ ಮಾಡೀರಿ, ಯಾವಾಗಿನ ತನಕ ನಡೀತದ, ಎಲ್ಲಿ ಬರದೀರಿ?”

ವೈನಿ ಪಾತೇಲಿ ಕಸಿದುಕೊಂಡು ಮುಚ್ಚಳ ಹಾಕಿದರು. “ತಯಾರ ಮಾಡಿದ್ದು ಇವತ್ತ. ನಡೆಯೂದು ನಿಮ್ಮ ಗೆಳೆಯ ನೋಡೂ ತನಕ.”

೪. ದೊಡ್ಡ ಡಾಕ್ಟರ ತೋಳು

ಪಾಡ್ಯಕ್ಕೆ ನಾಲ್ಕು ದಿನ ಉಳಿದಿತ್ತು. ಆ ಬೆಳಗ್ಗೆ ಎದುರಿನ ದವಾಖಾನೆ ಪೂಜೆಗೆ ಅಂತ ಮುಚ್ಚಿತ್ತು. ಹಾಗಾಗಿ ನಮ್ಮ ಬೆಂಚು ತುಂಬಿ, ಜನ ಮೆಟ್ಟಿಲ ಮೇಲೂ ಕೂತಿದ್ದರು. ಎಲ್ಲರೂ ಸೂಜಿಯ ಗಿರಾಕಿಗಳು. ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗಬೇಕು? ಹಳೆಯ ಕಾಲದಲ್ಲಿ ಗಾಜಿನ ಸಿರಿಂಜು ಕುದಿಸುತ್ತಿದ್ದ ತಗಡಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿಕೊಂಡು ಬಂದು ನಡುವೆ ನಿಂತ.

“ನೋಡ್ರಿ, ಇದು ನಲವತ್ತು ವರ್ಷ ನಿಮ್ಮನ್ನ ಕಾಪಾಡಿದ ಡಬ್ಬಿ. ಪಾಡ್ಯಾ ಮುಗೀಲಿ, ನಾನೇ ಕೂಡತೀನಿ. ಬಂದವರಿಗೆಲ್ಲ ಸೂಜಿ!”

ಜನ ಚಪ್ಪಾಳೆ ಹೊಡೆದರು. ಒಳಗೆ ಡಾಕ್ಟರಬಾಯಿಯ ಮುಖ ಸಣ್ಣದಾಯಿತು. ಗೆಳೆಯ ಜೋರಿನಿಂದ ಮುಚ್ಚಳ ಕಿತ್ತ. ಜಂಗು ತಿಂದ ತಗಡು ಅಂಗೈ ಸೀಳಿತು. ರಕ್ತ.

ಸೊಸೆ ಓಡಿ ಬಂದಳು. ನಳದ ಕೆಳಗೆ ಕೈ ಹಿಡಿಸಿ ಸಾಬೂನಿನಿಂದ ತೊಳೆದಳು, ಖುರ್ಚಿಯ ಮೇಲೆ ಕೂರಿಸಿ ಪಟ್ಟಿ ಕಟ್ಟಿದಳು. ಆಮೇಲೆ ಕೇಳಿದಳು, “ಮಾವಾರ, ಧನುರ್ವಾತದ ಸೂಜಿ ಯಾವಾಗ ತಗೊಂಡಿದ್ರಿ?”

ಗೆಳೆಯ ಫ್ಯಾನು ನೋಡಿದ. “ನೆನಪಿಲ್ಲ.”

ಹಿಂಬಾಗಿಲಿನಿಂದ ವೈನಿಯ ದನಿ ಬಂತು: “ನೆನಪಿಲ್ಲ ಅಂದ್ರ? ಲಗ್ನ ಆದಾಗಿಂದ ಒಂದೂ ಇಲ್ಲ! ಜ್ವರ ಬಂದ್ರ ಬಾಗಲಾ ಹಾಕ್ಕೊಂಡು ಗುಳಿಗಿ ನುಂಗತಾರ. ಸೂಜಿ ಅಂದ್ರ ಥರಥರ ನಡಗತಾರ.”

ಬೆಂಚಿನವರೆಲ್ಲ ಗೆಳೆಯನ ಕಡೆ ತಿರುಗಿದರು.

“ಹಂಗಾರ ಇವತ್ತ ಬೇಕೇ ಬೇಕು, ಮಾವಾರ” ಅಂದಳು ಸೊಸೆ.

“ಏನೂ ಬ್ಯಾಡ. ನೀ ಸೂಜಿ ಕೊಡಾಕಿ ಅಲ್ಲಲ್ಲ? ಗುಳಿಗಿ ಕೊಡು!”

“ಅವಶ್ಯಕತೆ ಇದ್ದವರಿಗೆ ಕೊಡತೀನ್ರಿ. ಬೋರ್ಡು ನೋಡ್ರಿ.”

ಕುರನೂರಿನ ಅಜ್ಜಿ ಎದ್ದು ಸೊಂಟಕ್ಕೆ ಸೆರಗು ಕಟ್ಟಿದಳು. “ಸಾಹೇಬ್ರ, ನನಗ ಶೀತಾದ್ರ ಚುಚ್ಚಿದ್ರಿ. ಕೆಮ್ಮಿದ್ರ ಚುಚ್ಚಿದ್ರಿ. ಎಮ್ಮಿ ಸತ್ತಿತಂತ ಅತ್ತರ ಅದಕ್ಕೂ ಚುಚ್ಚಿದ್ರಿ. ನೀವು ಮಾತ್ರ ಒಳಗ ಗುಳಿಗಿ ನುಂಗತಿದ್ರೇನ್ರಿ? ಹಿಡೀರೇ ಇವರನ್ನ!”

ಇಬ್ಬರು ಹೆಣ್ಣುಮಕ್ಕಳು ಭುಜ ಹಿಡಿದರು. ಗೆಳೆಯ ಎರಡೂ ಕಾಲಿನಿಂದ ಖುರ್ಚಿಯ ಕಾಲು ಸುತ್ತಿಕೊಂಡ. ಸಹಾಯಕ್ಕೆ ನನ್ನ ಕಡೆ ನೋಡಿದ. ನಾನು ಅವನ ಅಂಗಿಯ ತೋಳು ಮೇಲಕ್ಕೆ ಮಡಚಿದೆ. ಅವನು ಕಣ್ಣು ಮುಚ್ಚಿ “ಅವ್ವಾ! ಸತ್ತೆ!” ಅಂತ ಚೀರಿದ.

“ಇನ್ನೂ ಚುಚ್ಚಿಲ್ರಿ” ಅಂದಳು ಸೊಸೆ. “ಪಾಕೀಟ ಒಡೀಲಾಕತ್ತೀನಿ. ಹೊಸದು ಅದ, ಕಣ್ಣು ತೆರದು ನೋಡ್ರಿ.”

ಕಣ್ಣು ತೆರೆಯಲಿಲ್ಲ. ಚುಚ್ಚಿದ್ದೂ ಅವನಿಗೆ ಗೊತ್ತಾಗಲಿಲ್ಲ. ಅಜ್ಜಿ ಹಣೆಯ ಬೆವರು ಒರಸಿ, “ಆತೇಳ್ರಿ, ಇರುವಿ ಕಚ್ಚಿದಂಗ” ಅಂದಳು. ನಂತರ ಡಾಕ್ಟರಬಾಯಿಯ ಎದುರು ಹೋಗಿ ಕೂತಳು. “ನನಗ ಸೂಜಿ ಬ್ಯಾಡ ನಮ್ಮವ್ವ. ದೊಡ್ಡ ಡಾಕ್ಟರು ಬಾಗಲಾ ಹಾಕ್ಕೊಂಡು ನುಂಗತಾರಲ್ಲ, ಆ ಗುಳಿಗಿ ಕೊಡು.”

“ನಮಗೂ ಅದೇ!” ಅಂತ ಬೆಂಚು, ಮೆಟ್ಟಿಲು ಎಲ್ಲ ಒಂದೇ ಸಲ ಕೂಗಿತು.

ಗೆಳೆಯ ತೋಳು ತಿಕ್ಕುತ್ತ ಎದ್ದ. “ಪಾಡ್ಯಾದ ಮಾತು ಬಿಡವಾ. ಖುರ್ಚಿ ನಿಂದೇ. ಆದರ ನನ್ನ ತೋಳು ಮಾತ್ರ ಮತ್ತ ಮುಟ್ಟಬ್ಯಾಡ.”

“ಒಂದು ತಿಂಗಳು ಬಿಟ್ಟು ಇನ್ನೊಂದು ಸೂಜಿ ಅದರಿ, ಮಾವಾರ.”

ಗೆಳೆಯ ಮತ್ತೆ ಕೂತುಬಿಟ್ಟ. ಎಂದಿನ ಮಾತು ಇದು ಅಂತ ಕೇಳುತ್ತೀರಾ? ಹೋದ ವರ್ಷ, ಶನಿವಾರ, ಧನತ್ರಯೋದಶಿ. ಊರಿನ ಡಾಕ್ಟರೆಲ್ಲ ಧನ್ವಂತರಿಯ ಮುಂದೆ ಕೈ ಮುಗಿದು ನಿಲ್ಲುವ ದಿನ.